ದೊಡ್ಡಮ್ಮ ಹಿಂದಕ್ಕೆ ನಡೆಯುತ್ತಾಳೆ

"ದೊಡ್ಡಮ್ಮನಿಗೆ ಚಕ್ರ ಇಲ್ಲ ಕಣೇ. ಎರಡು ಪಾದ ಇದೆ. ಒಂದೊಂದು ಪಾದಾನೂ ನಿಮ್ಮ ಈ ಅಡುಗೆಮನೆ, ಆ ಹಾಲ್ ಎರಡೂ ಸೇರಿದಷ್ಟು ಉದ್ದ," ಎಂದ ಹೊನ್ನಪ್ಪ, ಸಾರನ್ನ ಕಲಸುತ್ತ.

"ಅವಳು ನಡೀತಾಳಾ, ತಾತ?" ಐದು ವರ್ಷದ ಕೃತಿ ಚಮಚ ಬಾಯಲ್ಲೇ ಇಟ್ಟುಕೊಂಡು ಕೇಳಿದಳು.

"ನಡೀತಾಳೆ. ಆದ್ರೆ ಹಿಂದಕ್ಕೆ. ಮುಂದೆ ಅಗೀತಾಳೆ, ಹಿಂದಕ್ಕೆ ನಡೀತಾಳೆ."

"ವಾರ್‌ಫೋರ್?"

ಯಾಕೆ ಅನ್ನುವುದನ್ನು ಹುಡುಗಿ ಇಲ್ಲಿನ ಶಿಶುವಿಹಾರ, ಡಾಗಿಸ್‌ನಲ್ಲೇ ಕಲಿತದ್ದು, ಅದಕ್ಕೆ ಸ್ವೀಡಿಷ್‌ನಲ್ಲೇ ಕೇಳುತ್ತಿದ್ದಳು. ಈ ಒಂದು ಮಾತು ತಾತನಿಗೂ ಅಭ್ಯಾಸವಾಗಿತ್ತು.

"ಮುಂದೆ ಅವಳೇ ತೋಡಿದ ಹಳ್ಳ ಇರುತ್ತಲ್ಲಮ್ಮ. ಮುಂದಕ್ಕೆ ನಡೆದ್ರೆ ಅದ್ರೊಳಗೇ ಬೀಳ್ತಾಳೆ."

ಅಳಿಯ ಗೋಪೀನಾಥ ತಟ್ಟೆಯಿಂದ ತಲೆ ಎತ್ತಲಿಲ್ಲ. ಮಾವ ಸ್ವೀಡನ್ನಿನ ವೆಸ್ಟೆರಾಸಿಗೆ ಬಂದು ತಿಂಗಳಾಗಿತ್ತು. ತಿಂಗಳಿಡೀ ಊಟದ ಹೊತ್ತಿಗೆ ಇದೇ ಕಥೆ. ಮೊದಮೊದಲು ಅವನೂ ನಗುತ್ತಿದ್ದ. ಈಗ ಎರಡು ವಾರದಿಂದ ಆ ಹೆಸರು ಕೇಳಿದರೆ ಬೇಗ ಉಂಡು ಏಳಲು ನೋಡುತ್ತಿದ್ದ.

ದೊಡ್ಡಮ್ಮ ಅಂದರೆ ಹೆಂಗಸಲ್ಲ, ಡ್ರ್ಯಾಗ್‌ಲೈನ್. ಮಧ್ಯಪ್ರದೇಶದ ಕರಮ್‌ಟೋಲಾ ಎಂಬ ತೆರೆದ ಕಲ್ಲಿದ್ದಲು ಗಣಿಯಲ್ಲಿ ಮೇಲ್ಮಣ್ಣು ಎತ್ತಿ ಬಿಸಾಡುವ ಯಂತ್ರ. ಚಾಚಿದ ಕೈ ಊರಾಚೆಗೆ ಕಾಣುವಷ್ಟು ಉದ್ದ, ಅದರ ತುದಿಯಿಂದ ಹಗ್ಗದಲ್ಲಿ ತೂಗುವ ಬಕೆಟ್ಟಿನೊಳಗೆ ಒಂದು ಲಾರಿ ನಿಲ್ಲಿಸಬಹುದು. ಸಾಲ್ ಮರದ ಕಾಡಿದ್ದ ಜಾಗಕ್ಕೆ ಅವಳು ಬಂದದ್ದು ರೈಲಿನಲ್ಲಿ, ತುಂಡುತುಂಡಾಗಿ. ಜೋಡಿಸುವುದಕ್ಕೆ ಎರಡು ಮಳೆಗಾಲ ಹಿಡಿಯಿತು. ಮೊದಲ ಬಕೆಟ್ಟು ಮಣ್ಣು ಎತ್ತುವ ದಿನ ಬಿಹಾರದವರು ಸಿಂಧೂರ ಬಳಿದರು, ಬಂಗಾರಪೇಟೆ ಕಡೆಯ ಹೊನ್ನಪ್ಪ ತೆಂಗಿನಕಾಯಿ ಒಡೆದ. ಹಿಂದಿಯವರು ಅವಳನ್ನು 'ಬಡೀ' ಅಂದರು, ಹೊನ್ನಪ್ಪನ ಮನೆಯವರು ದೊಡ್ಡಮ್ಮ ಅಂದರು. ಆಮೇಲೆ ಚಿಕ್ಕಮ್ಮನೂ ಬಂದಳು. ಒಂದು ಬೇಸಿಗೆಯ ಬಿರುಗಾಳಿಗೆ ಅವಳ ಕೈ ಮುರಿದು ಬಿತ್ತು, ಕತ್ತರಿಸಿ ಗುಜರಿಗೆ ಹಾಕಿದರು. ದೊಡ್ಡಮ್ಮ ಮಾತ್ರ ಉಳಿದಳು. ಹೊನ್ನಪ್ಪ ನಿವೃತ್ತನಾಗುವ ತನಕ ಅವಳ ಹೊಟ್ಟೆಯಲ್ಲಿ ಕೂತು ಅಗೆದ. ಕಾಡು ಹೋಯಿತು, ಆಮೇಲೆ ಮೂರು ಹಳ್ಳಿ ಹೋದವು.

ಅವಳಿಂದಲೇ ಮಗಳಿಗೆ ಗಂಡ ಸಿಕ್ಕಿದ್ದು. ಬೆಂಗಳೂರಿನಿಂದ ಮೋಟಾರು ರಿಪೇರಿಗೆ ಬಂದ ಗೋಪೀನಾಥನೆಂಬ ಇಂಜಿನಿಯರ್ ಹುಡುಗನಿಗೆ ಇಡೀ ಕಾಲೋನಿಯಲ್ಲಿ ಸಾರು ಅನ್ನ ಸಿಗುತ್ತಿದ್ದದ್ದು ಹೊನ್ನಪ್ಪನ ಮನೆಯಲ್ಲಿ ಮಾತ್ರ. ಉಂಡು ಉಂಡು ನೀರಜಾಳನ್ನು ಮದುವೆಯಾದ. ಈಗ ಅವನ ಕೆಲಸ ಸ್ವೀಡನ್ನಿನ ಒಂದು ವಿದ್ಯುತ್ ಕಂಪನಿಯಲ್ಲಿ. ನೀರಜಾಳಿಗೆ ಎರಡನೆಯ ಹೆರಿಗೆಯಾಗಿ ಗಂಡುಮಗು ಹುಟ್ಟಿತ್ತು. ಬಾಣಂತನಕ್ಕೆಂದು ಹೊನ್ನಪ್ಪ, ಶಕುಂತಲಾ ಇಬ್ಬರೂ ಬಂದಿದ್ದರು. ಎರಡು ಸಾವಿರದ ನಾಲ್ಕನೆಯ ಇಸವಿಯ ನವೆಂಬರ್. ಮಧ್ಯಾಹ್ನ ಮೂರು ಗಂಟೆಗೇ ಕತ್ತಲೆ.

"ಇಲ್ಲಿಗೆ ಬಂದ ಹೊಸದ್ರಲ್ಲಿ ನಂಗೆ ನಿದ್ದೇನೇ ಬರ್ತಿರ್ಲಿಲ್ಲ ಅಪ್ಪ," ಎಂದಳು ನೀರಜಾ, ಮಗುವನ್ನು ಹೆಗಲ ಮೇಲೆ ತಟ್ಟುತ್ತ. "ದೊಡ್ಡಮ್ಮನ ಗುಂಯ್ ಸದ್ದಿಲ್ಲ ನೋಡು."

"ಸದ್ದಿದ್ರೆ ನಿದ್ದೆ, ನಿಂತ್ರೆ ಎಚ್ಚರ. ಕಾಲೋನಿ ಮಕ್ಕಳೆಲ್ಲ ಹಂಗೇ," ಎಂದು ಹೊನ್ನಪ್ಪ ನಕ್ಕ.

ಶಕುಂತಲಾ ಗಂಡನ ತಟ್ಟೆಗೆ ಮಜ್ಜಿಗೆ ಬಡಿಸಿದಳು. "ಸಾಕು, ಉಣ್ಣಿ. ಯಂತ್ರದ ಪುರಾಣ ಹೇಳ್ತಾ ಅನ್ನ ಆರಿಸ್ತೀರಿ."

ಅವಳಿಗೂ ಅಳಿಯನಿಗೂ ಜಗಳವಿದ್ದದ್ದು ಬೇರೆ ವಿಷಯಕ್ಕೆ. ಮಲಗುವ ಕೋಣೆಯ ಕಿಟಕಿಯ ಮೇಲೆ ಗಾಳಿ ಬರುವ ಸಣ್ಣ ಕಿಂಡಿಯಿತ್ತು. ಶಕುಂತಲಾ ಅದಕ್ಕೆ ಹಳೆ ಸೀರೆಯ ಚೂರು ತುರುಕುವುದು, ಗೋಪೀನಾಥ ಸಂಜೆ ಬಂದು ಅದನ್ನು ಕಿತ್ತು ಹಾಕುವುದು.

"ಅತ್ತೆ, ಇಲ್ಲಿನ ಮನೆ ಡಬ್ಬಿ ಥರ. ಗಾಳಿ ಒಳಗೆ ಬರೋದೇ ಆ ಕಿಂಡಿಯಿಂದ. ದಯವಿಟ್ಟು ಮುಚ್ಚಬೇಡಿ."

"ಬಾಣಂತಿ ಮೈಗೆ ಈ ಗಾಳಿ ಸೋಕಿದ್ರೆ ಆಮೇಲೆ ಸೊಂಟ ಹಿಡ್ಕೊಂಡು ಅಳೋಳು ನಿಮ್ಮ ಹೆಂಡ್ತಿ, ನಾನಲ್ಲ."

"ರೂಮು ಬೆಚ್ಚಗೇ ಇದೆಯಲ್ಲ, ರೇಡಿಯೇಟರ್ ಇದೆ."

"ಆ ಕಬ್ಬಿಣದ ಕಾವು ಗೋಡೆಗೆ ಆಗುತ್ತೆ, ಮೈಗಾಗಲ್ಲ. ನೀರಜಾ ಹುಟ್ಟಿದಾಗ ಮೂರು ತಿಂಗಳು ಅಗ್ಗಿಷ್ಟಿಕೆ ಆರಿಸಿರ್ಲಿಲ್ಲ ನಾನು. ಇಲ್ಲಿ ಮಗೂಗೆ ಒಂದು ಕೆಂಡ ಗತಿ ಇಲ್ಲ."

ಹೊನ್ನಪ್ಪ ದಿನವೂ ಸರೋವರದ ಬಂದರಿನ ಕಡೆ ನಡೆದು ಹೋಗುತ್ತಿದ್ದ. ಅಲ್ಲಿ ಬೇಲಿಯೊಳಗೆ ಕಲ್ಲಿದ್ದಲಿನ ರಾಶಿ ಇತ್ತು. ಅದನ್ನು ಉರಿಸಿ ಕಾಯಿಸಿದ ನೀರೇ ಊರಿನ ಮನೆಮನೆಯ ರೇಡಿಯೇಟರಿಗೆ ಬರುತ್ತದೆಂದು ಅಳಿಯನಿಂದ ತಿಳಿದ ಮೇಲೆ ಅವನಿಗೆ ಆ ರಾಶಿ ನೆಂಟನಂತಾಗಿತ್ತು. ಬೇಲಿಯ ಹೊರಗೆ ಬಿದ್ದ ತುಂಡುಗಳನ್ನು ಕೋಟಿನ ಜೇಬಿಗೆ ಹಾಕಿಕೊಂಡು ಬರುತ್ತಿದ್ದ.

"ಒಳ್ಳೇ ಮಾಲು ಅಳಿಯಂದ್ರೇ. ಬೂದಿ ಕಮ್ಮಿ. ನಮ್ಮದು ಅರ್ಧ ಕಲ್ಲೇ."

"ಮಾವ, ತರಬೇಡಿ ಅದನ್ನ. ಯಾರಾದ್ರೂ ನೋಡಿದ್ರೆ ಕಳ್ಳತನ ಅಂತಾರೆ."

"ದಾರೀಲಿ ಬಿದ್ದಿದ್ದಕ್ಕೆ ಏನು ಕಳ್ಳತನ? ಬಾಲ್ಕನೀಲಿ ಇಟ್ಟಿದೀನಿ, ನೋಡೋಕೆ."

ಗೋಪೀನಾಥ ಬಾಲ್ಕನಿಯ ಬಾಗಿಲು ಎಳೆದುಕೊಂಡ. ಕಳ್ಳತನದ ಮಾತಾಡುವ ಯೋಗ್ಯತೆ ತನಗಿಲ್ಲ ಎಂದು ಅವನಿಗೆ ಗೊತ್ತಿತ್ತು. ಎರಡು ವಾರದ ಹಿಂದೆ ಆಫೀಸಿನಲ್ಲಿ ಫೀಕಾ ಅನ್ನುವ ಕಾಫಿ ವಿರಾಮದ ಹೊತ್ತಿನಲ್ಲಿ ಮೇಲಿನವನು ಕಾಫಿ ಬಗ್ಗಿಸುತ್ತ ಹೇಳಿದ್ದ: ಭಾರತದ ಒಂದು ಗಣಿಯವರು ಹಳೆಯ ಡ್ರ್ಯಾಗ್‌ಲೈನಿಗೆ ಹೊಸ ಮೋಟಾರು, ಅದನ್ನು ನಡೆಸುವ ಹೊಸ ಡ್ರೈವು ಕೇಳುತ್ತಿದ್ದಾರೆ, ಆ ಯಂತ್ರವನ್ನು ಕಣ್ಣಾರೆ ಕಂಡವನು ಈ ಕಟ್ಟಡದಲ್ಲಿ ನೀನೊಬ್ಬನೇ, ಅದು ಇನ್ನೂ ಬಾಳುತ್ತದೋ ಇಲ್ಲವೋ, ಡಿಸೆಂಬರಿನ ಮೀಟಿಂಗಿನಲ್ಲಿ ನೀನು ಹೇಳಬೇಕು. ಜೊತೆಗೆ ಬಂದ ನಕ್ಷೆಯಲ್ಲಿ ಗಣಿ ಮುಂದೆ ಯಾವ ಕಡೆ ಸಾಗುತ್ತದೆಂದು ಗೆರೆ ಎಳೆದಿತ್ತು. ಗೆರೆ ಹಾದದ್ದು ಕಾಲೋನಿಯ ಆಚೆ ಜನ ಮನೆ ಕಟ್ಟಿಕೊಂಡಿದ್ದ ಬಸ್ತಿಯ ಮೇಲೆ. ಹೊನ್ನಪ್ಪ ನಿವೃತ್ತಿಯ ದುಡ್ಡಿನಲ್ಲಿ ಕಟ್ಟಿಸಿದ, ಹಿತ್ತಲಲ್ಲಿ ಬೇವಿನ ಮರವಿರುವ ಎರಡು ಕೋಣೆಯ ಮನೆ ಇದ್ದದ್ದು ಅಲ್ಲೇ. ಮನೆಯಲ್ಲಿ ಇದನ್ನು ಹೇಳುವ ಧೈರ್ಯ ಗೋಪೀನಾಥನಿಗಿರಲಿಲ್ಲ. ಇವತ್ತು ಬೇಡ, ಹಸಿ ಬಾಣಂತಿ; ನಾಳೆ ಬೇಡ, ಮಗುವಿಗೆ ಶೀತ. ಹೀಗೆ ಮುಂದಕ್ಕೆ ಹಾಕುತ್ತ ಮಾವನ ಎದುರು ಕೂತು ಉಣ್ಣುತ್ತಿದ್ದ.

ಹೇಳಿದವರು ಬೇರೆ. ಒಂದು ಭಾನುವಾರ ಬಸ್ತಿಯಿಂದ ಪಕ್ಕದ ಮನೆಯ ಹಯವದನ ರಾಯರ ಫೋನು ಬಂತು. ಶಕುಂತಲಾ ಅಂಟಿನುಂಡೆ ಕಟ್ಟುತ್ತಿದ್ದಳು. ಹೊನ್ನಪ್ಪ ಫೋನಿಟ್ಟು ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತ.

"ಅಳಿಯಂದ್ರೇ, ದೊಡ್ಡಮ್ಮನಿಗೆ ಹೊಸ ಮೋಟ್ರು ಹಾಕ್ತಾರಂತೆ."

ಗೋಪೀನಾಥ ಪಾತ್ರೆ ತೊಳೆಯುತ್ತಿದ್ದ. ನಲ್ಲಿ ನಿಲ್ಲಿಸಲಿಲ್ಲ.

"ಹಾಕಿದ್ರೆ ಗಣಿ ನಮ್ಮ ಬಸ್ತಿ ಕಡೆ ಬರುತ್ತಂತೆ. ಹಾಕದೇ ಇದ್ರೆ ಮುಚ್ಚುತ್ತಂತೆ. ಮೋಟ್ರು ಕೊಡೋದು ಸ್ವೀಡನ್ ಕಂಪನಿ ಅಂತೆ. ರಾಯರು ಕೇಳ್ತಿದ್ರು, ನಿಮ್ಮ ಅಳಿಯನ ಕಂಪನೀನಾ ಅಂತ."

"ಹೌದು ಮಾವ."

"ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು."

ನೀರಜಾ ಮಗುವನ್ನು ಎತ್ತಿಕೊಂಡೇ ಎದ್ದು ಬಂದಳು. "ಗೊತ್ತಿತ್ತು ಅಂದ್ರೆ? ಎಷ್ಟು ದಿನದಿಂದ? ಅಪ್ಪ ದಿನಾ ನಿಮ್ಮ ಮುಂದೆ ಕೂತು ಕಥೆ ಹೇಳ್ತಿದ್ರೆ ನೀವು ಕೇಳ್ಕೊಂಡು ಕೂತಿದ್ರಾ?"

"ಏನಂತ ಹೇಳ್ಲಿ? ನಿಮ್ಮ ಮನೆ ಹೋಗುತ್ತೆ, ಸ್ವಲ್ಪ ಸಾರು ಹಾಕಿ ಅನ್ಲಾ?"

"ನಾಚಿಕೆ ಆಗ್ಬೇಕು ನಿಮಗೆ!"

"ನಾನು ಮಾಡದೇ ಇದ್ರೆ ಇನ್ನೊಬ್ಬ ಮಾಡ್ತಾನೆ ನೀರಜಾ. ಈ ಕಂಪನಿ ಅಲ್ಲದಿದ್ರೆ ಇನ್ನೊಂದು. ನಾವು ಇಲ್ಲಿರೋ ಪರ್ಮಿಟ್ ಈ ಕೆಲ್ಸದ ಮೇಲಿದೆ. ಈ ಮನೆ, ಕೃತಿ ಡಾಗಿಸ್ಸು, ನಿನ್ನ ಆಸ್ಪತ್ರೆ, ಎಲ್ಲ ಅದ್ರ ಮೇಲೇ ನಿಂತಿದೆ."

ಹೊನ್ನಪ್ಪ ಕೈ ಎತ್ತಿ ಇಬ್ಬರನ್ನೂ ತಡೆದ. "ಯಾರು ಹೇಳ್ಬೇಕಾದ್ದು, ಅದು ಬಾಳುತ್ತೋ ಇಲ್ವೋ ಅಂತ?"

ಗೋಪೀನಾಥ ನಲ್ಲಿ ನಿಲ್ಲಿಸಿದ. "ನಾನು."

"ಹಂಗಾದ್ರೆ ಬಾಳಲ್ಲ ಅನ್ನಿ."

ಹೊನ್ನಪ್ಪ ಬಾಗಿಲಿಂದ ಒಂದು ಹೆಜ್ಜೆ ಒಳಗೆ ಬಂದ.

"ಮೂವತ್ತು ವರ್ಷದ ಹಳೇ ಯಂತ್ರ. ಬಾಳಲ್ಲ ಅಂದ್ರೆ ಸುಳ್ಳೂ ಆಗಲ್ಲ. ಅಳಿಯನ ಹತ್ರ ಇದುವರೆಗೂ ಏನಾದ್ರೂ ಕೇಳಿದೀನಾ? ಕೇಳೋದು ಮರ್ಯಾದೆಯಲ್ಲ ಅಂತ ಗೊತ್ತು. ಆದ್ರೂ ಕೇಳ್ತಿದೀನಿ."

ಆಗ ಶಕುಂತಲಾ ಬಾಯಿ ಬಿಟ್ಟಳು. ಉಂಡೆ ಕಟ್ಟುವ ಕೈ ನಿಂತಿರಲಿಲ್ಲ. "ಮೂರು ಹಳ್ಳಿ ಅಗೆದ್ರಲ್ಲ, ಆವಾಗ ಅವರ ಅಳಿಯಂದಿರನ್ನ ಯಾರು ಕೇಳಿದ್ರು? ಹೆಂಗಸ್ರು ಬಂದು ನಮ್ಮ ಕ್ವಾರ್ಟರ್ಸ್ ಬಾಗಿಲಲ್ಲಿ ಕೂತು ಅತ್ರೆ, ಒಳಗೆ ಚಿಲಕ ಹಾಕ್ಕೊಂಡು ಮಲಗ್ತಿದ್ರಿ."

"ನೀನು ಸುಮ್ನಿರೇ! ಆ ಸಂಬಳದಲ್ಲೇ ನೀನು ಉಂಡಿದ್ದು."

"ಉಂಡೆ. ಅದಕ್ಕೇ ಹೇಳ್ತಿದೀನಿ. ನಾನು ಉಂಡಿದ್ದೂ ಅದೇ ಅನ್ನ, ಆ ಪಾಪದಲ್ಲಿ ನನಗೂ ಪಾಲಿದೆ."

ಹೊನ್ನಪ್ಪ ಆ ರಾತ್ರಿ ಊಟಕ್ಕೆ ಬರಲಿಲ್ಲ. ಮಗಳ ಮನೆಯಲ್ಲಿ ಉಂಡದ್ದು ಸಾಕು ಅಂದ. ಮಾರನೆಯ ದಿನವೂ ಬರಲಿಲ್ಲ, ಎರಡು ಬಾಳೆಹಣ್ಣು ತಿಂದು ಬಂದರಿನ ಕಡೆ ಹೋದ. ನೀರಜಾ ಗಂಡನ ಜೊತೆ ಮಾತು ಬಿಟ್ಟಳು. ಏನಾದರೂ ಬೇಕಾದರೆ ಕೃತಿಯ ಕೈಲಿ ಹೇಳಿ ಕಳಿಸುವಳು. ಹುಡುಗಿ ಕೋಣೆಯಿಂದ ಹಾಲ್‌ಗೆ ಓಡಾಡಿ ಕೊನೆಗೆ "ನೇಯ್! ಆಗಲ್ಲ, ನೀವೇ ಹೇಳ್ಕೊಳ್ಳಿ" ಎಂದು ಅಳತೊಡಗಿದಳು.

ಅದು ಗೋಪೀನಾಥನಿಗೆ ನಾಟಿತು. ಆ ವಾರದ ಕೊನೆಗೆ ಮಾವನ ಎದುರು ಹೋಗಿ ಕೂತ.

"ಮಾವ, ನಾನು ಅಲ್ಲಿಗೆ ಬಂದಾಗಲೇ ಮೋಟಾರು ಕೂರಿಸೋ ತಳ ತುಕ್ಕು ಹಿಡಿದಿತ್ತು. ಬರೀ ಮೋಟಾರು ಬದಲಾಯಿಸಿದ್ರೆ ಸಾಲಲ್ಲ, ತಳಾನೂ ಹೊಸದಾಗಿ ಕಟ್ಟಬೇಕು ಅಂತ ಗಟ್ಟಿಯಾಗಿ ಹೇಳಿದ್ರೆ ಖರ್ಚು ನೋಡಿ ಹಿಂಜರೀಬಹುದು. ಹೇಳಿ ನೋಡ್ತೀನಿ."

"ಹೇಳ್ತೀರಾ?"

"ಬರೋ ವಾರ ಬಿಟ್ಟು ಅದರಾಚೆ ಗುರುವಾರ ಮೀಟಿಂಗು. ಹೇಳ್ತೀನಿ."

ಹೊನ್ನಪ್ಪನ ಕಣ್ಣು ತುಂಬಿತು. "ಶಕುಂತಲಾ, ಅನ್ನ ಹಾಕೇ," ಎಂದು ಕೂಗಿದ. ಆ ರಾತ್ರಿ ಎಲ್ಲರೂ ಒಟ್ಟಿಗೆ ಕೂತು ಉಂಡರು. ದೊಡ್ಡಮ್ಮನ ಕಥೆ ಹೇಳು ಅಂತ ಕೃತಿ ಪೀಡಿಸಿದಳು. ಹೊನ್ನಪ್ಪ ಅವತ್ತು ಬೇರೆ ಏನೋ ಹೇಳಿದ, ಕೋಲಾರದ ನರಿಯ ಕಥೆ.

ಸೋಮವಾರ ಡಾಗಿಸ್‌ನಲ್ಲಿ ಲೂಸಿಯಾ ಹಬ್ಬ. ಮಕ್ಕಳೆಲ್ಲ ಬಿಳಿ ನಿಲುವಂಗಿ ತೊಟ್ಟು, ದೀಪ ಹಿಡಿದು, ಕತ್ತಲೆಯ ಬೆಳಿಗ್ಗೆ ಹಾಡುತ್ತಾರೆ. ಗೋಪೀನಾಥ ಕೃತಿಯನ್ನು ಕರೆದುಕೊಂಡು ಹೋದ. ನೀರಜಾಳಿಗೂ ಮಗುವಿಗೂ ಎಣ್ಣೆನೀರು ಹಾಕುವ ದಿನ. ಹೊರಗೆ ಹಿಮ ಗಟ್ಟಿಯಾಗಿತ್ತು.

ಹೊನ್ನಪ್ಪನ ಮನಸ್ಸು ಹಗುರವಾಗಿತ್ತು. ಅಳಿಯ ತನ್ನ ಮಾತು ನಡೆಸುತ್ತಾನೆ. ತಾನೂ ಮನೆಗೆ ಏನಾದರೂ ಮಾಡಬೇಕು. "ನಿನಗೆ ಕೆಂಡ ತಾನೇ ಬೇಕು? ನಾನು ಮಾಡ್ಕೊಡ್ತೀನಿ," ಎಂದು ಹೆಂಡತಿಗೆ ಹೇಳಿ, ಬಾಲ್ಕನಿಯಲ್ಲಿ ಕಬ್ಬಿಣದ ಬಾಣಲೆಯೊಳಗೆ ಕಲ್ಲಿದ್ದಲು ಜೋಡಿಸಿದ. ಕಾಲೋನಿಯಲ್ಲಿ ಎಲ್ಲರೂ ಮಾಡುವ ಪದ್ಧತಿ ಅದೇ. ಒಲೆಯನ್ನು ಹೊರಗೆ ಹೊತ್ತಿಸಿ, ಹಳದಿ ಹೊಗೆಯೆಲ್ಲ ಹೋಗಿ ಕೆಂಪಗಾದ ಮೇಲೆ ಒಳಗೆ ತರುವುದು. ಹೊಗೆ ಹೋದರೆ ಕೆಟ್ಟದ್ದು ಹೋಯಿತು ಎಂದೇ ಅಲ್ಲಿಯ ಲೆಕ್ಕ. ಅಲ್ಲಿ ಗೋಡೆಗೂ ತಗಡಿನ ಮಾಡಿಗೂ ನಡುವೆ ಗುಬ್ಬಿ ಹಾರಿ ಬರುವಷ್ಟು ಸಂದು.

ಇಲ್ಲಿ ಶಕುಂತಲಾ ಕಿಂಡಿಗೆ ಬಟ್ಟೆ ತುರುಕಿದ್ದಳು. ಬಾಗಿಲ ಕೆಳಗೆ ಟವೆಲು ಒತ್ತಿದ್ದಳು. ನೀರು ಹಾಕಿಸಿಕೊಂಡ ನೀರಜಾ ಮಗುವನ್ನು ಪಕ್ಕದಲ್ಲಿ ಹಾಕಿಕೊಂಡು ಕಂಬಳಿ ಹೊದ್ದು ಮಲಗಿದಳು. ಹೊನ್ನಪ್ಪ ಮಂಚದ ಬಳಿ ತಂದಿಟ್ಟ ಬಾಣಲೆಯಲ್ಲಿ ಕೆಂಡ ನಿಗಿನಿಗಿ ಉರಿಯುತ್ತಿತ್ತು. ಹೊಗೆ ತಗುಲಿದರೆ ಕೂಗುವ ಸೂರಿನ ಗಂಟೆ ಕೂಗಲಿಲ್ಲ. ಹೊಗೆಯೇ ಇರಲಿಲ್ಲ.

"ಈಗ ನೋಡಿ ಬಾಣಂತಿ ಕೋಣೆ ಅಂದ್ರೆ," ಎಂದು ಶಕುಂತಲಾ ಅಡುಗೆಗೆ ಹೋದಳು.

ಗೋಪೀನಾಥ ಕೃತಿಯ ಕೈಗವಸು ಮರೆತಿದ್ದ, ಹಾಡು ಮುಗಿದ ಮೇಲೆ ಅದಕ್ಕೇ ಅವಳ ಜೊತೆ ಮನೆಗೆ ವಾಪಸು ಬಂದ. ಕೃತಿ ಕೂದಲಿಗೆ ಸುತ್ತಿದ ಮಿಂಚುದಾರದ ಜೊತೆಯೇ ಅಮ್ಮನಿಗೆ ತೋರಿಸಲು ಕೋಣೆಗೆ ಓಡಿದಳು. ಬಾಗಿಲಲ್ಲೇ ನಿಂತು ಕೂಗಿದಳು:

"ಪಪ್ಪಾ, ಅಮ್ಮ ವಾಂತಿ ಮಾಡ್ಕೊಂಡಿದಾಳೆ. ಏಳ್ತಿಲ್ಲ."

ಗೋಪೀನಾಥ ಒಳಗೆ ನುಗ್ಗಿ ನೋಡಿದ. ಕೆಂಡ ನೋಡಿದ. ಕಿಟಕಿ ಒದ್ದು ತೆಗೆದ, ಹೆಂಡತಿಯನ್ನು ಹಾಲ್‌ಗೆ ಎಳೆದು ತಂದ. ಮಗುವನ್ನು ಎತ್ತಿದರೆ ಒದ್ದೆ ಬಟ್ಟೆಯ ಹಾಗೆ ಕೈಮೇಲೆ ಜೋತುಬಿತ್ತು. ಹೊನ್ನಪ್ಪ ಬಾಲ್ಕನಿಯಿಂದ ಓಡಿ ಬಂದು "ಹೊಗೆ ಹೋಗಿತ್ತು ಅಳಿಯಂದ್ರೇ, ಹೊಗೆ ಪೂರ್ತಿ ಹೋಗಿತ್ತು" ಎಂದು ಅದನ್ನೇ ಹೇಳುತ್ತಿದ್ದ. ಶಕುಂತಲಾ ಎದೆ ಬಡಿದುಕೊಂಡಳು. ಆಂಬ್ಯುಲೆನ್ಸಿನವರು ಬಂದು, ಕೆಂಡದಿಂದ ಬರುವ ಕಣ್ಣಿಗೆ ಕಾಣದ ವಿಷಗಾಳಿ ಎಂದು ಹೇಳಿ, ತಾಯಿಗೂ ಮಗುವಿಗೂ ಮುಖಕ್ಕೆ ಆಮ್ಲಜನಕ ಹಿಡಿದು ಕರೆದೊಯ್ದರು.

ಇಬ್ಬರೂ ಬದುಕಿದರು. ನೀರಜಾ ಎರಡು ದಿನಕ್ಕೆ ಎದ್ದು ಕೂತಳು. ಮಗುವಿನ ವಿಷಯಕ್ಕೆ ಡಾಕ್ಟರು, ಈಗ ಉಸಿರಾಟ ಸರಿಯಿದೆ, ಆದರೆ ಕಣ್ಣು, ಕಿವಿ, ಕೈಕಾಲು ಬೆಳೆಯುತ್ತ ಹೇಗೆ ಬರುತ್ತವೋ ಕಾದು ನೋಡಬೇಕು ಎಂದರು.

ತಾಯಿ ಮಗು ಆಸ್ಪತ್ರೆಯಿಂದ ಮನೆಗೆ ಬಂದ ಸಂಜೆ ಗೋಪೀನಾಥ ಕಿರುಚಿದ ಕಿರುಚಾಟ ಮೆಟ್ಟಿಲವರೆಗೂ ಕೇಳಿಸಿತು.

"ಎಷ್ಟು ಸಲ ಹೇಳ್ದೆ ಕಿಂಡಿ ಮುಚ್ಚಬೇಡಿ ಅಂತ? ಎಷ್ಟು ಸಲ ಹೇಳ್ದೆ ಕಲ್ಲಿದ್ದಲು ತರಬೇಡಿ ಅಂತ? ನಿಮ್ಮ ಮನೆ ಉಳಿಸ್ಬೇಕಂತೆ, ನಾನು! ನೀವು ನನ್ನ ಮನೇಲಿ ಏನು ಉಳಿಸಿದ್ರಿ?"

"ತಪ್ಪಾಯ್ತು ಅಳಿಯಂದ್ರೇ."

"ತಪ್ಪಂತೆ! ಐದು ನಿಮಿಷ ತಡವಾಗಿದ್ರೆ ಎರಡು ಹೆಣ!"

"ನಾನೇ ಕೆಂಡ ಕೇಳಿದ್ದು. ನನ್ನನ್ನ ಬೈಯಿರಿ," ಎಂದಳು ಶಕುಂತಲಾ. ಅವಳನ್ನು ಯಾರೂ ಬೈಯಲಿಲ್ಲ. ಹೊನ್ನಪ್ಪ ತಲೆ ತಗ್ಗಿಸಿ ನಿಂತಿದ್ದ. ನೀರಜಾ ಅಪ್ಪನ ಕಡೆ ನೋಡಿದಳು. ನೋಡಿ ಮುಖ ತಿರುಗಿಸಿದಳು. ಬಸ್ತಿಯ ಮನೆ ಉಳಿಸುವ ಮಾತು ಅಲ್ಲಿಗೆ ಮುಗಿಯಿತು.

ಮಕ್ಕಳ ಕ್ಷೇಮ ವಿಚಾರಿಸಲು ಕೊಮ್ಮೂನಿನಿಂದ, ಅಂದರೆ ಊರಿನ ಆಡಳಿತದಿಂದ, ಒಬ್ಬ ಹೆಂಗಸು ಬಂದಳು. ಮೆತ್ತಗಿನ ದನಿಯವಳು. ಶೂ ಬಿಚ್ಚಿ, ಕಾಫಿ ಕುಡಿದು, ಕೋಣೆ ನೋಡಿದಳು. ಅಜ್ಜ ಅಜ್ಜಿ ಇನ್ನೆಷ್ಟು ದಿನ ಇರುತ್ತಾರೆ, ಮಗು ಅವರ ಜೊತೆ ಒಂಟಿಯಾಗಿರುತ್ತದೆಯೇ ಎಂದು ಕೇಳಿದಳು.

"ಏನಂತಾಳೆ?" ಎಂದ ಹೊನ್ನಪ್ಪ.

"ಮಗೂನ ನಿಮ್ಮ ಹತ್ರ ಬಿಡ್ತೀವಾ ಅಂತ ಕೇಳ್ತಿದಾಳೆ," ಎಂದ ಗೋಪೀನಾಥ.

"ಬಿಡಲ್ಲ ಅಂತ ಹೇಳಿ," ಎಂದು ಹೊನ್ನಪ್ಪ ಎದ್ದು ಒಳಗೆ ಹೋದ.

ಅದರ ಮುಂದಿನ ವಾರ, ಗುರುವಾರ, ಮೀಟಿಂಗಿತ್ತು. ಗೋಪೀನಾಥ ಬೆಳಿಗ್ಗೆ ಶೂ ಕಟ್ಟುವಾಗ ಮಾವ ಹಾಲ್‌ನಲ್ಲೇ ಇದ್ದ. ಅವನು ಏನಾದರೂ ಕೇಳಲಿ ಎಂದು ಗೋಪೀನಾಥ ಬೇಕಂತಲೇ ನಿಧಾನ ಮಾಡಿದ. ಕೇಳಿದ್ದರೆ ಮತ್ತೊಮ್ಮೆ ಕಿರುಚುತ್ತಿದ್ದನೋ, ಒಪ್ಪುತ್ತಿದ್ದನೋ ಅವನಿಗೇ ಗೊತ್ತಿರಲಿಲ್ಲ. ಹೊನ್ನಪ್ಪ ಕೇಳಲಿಲ್ಲ. "ಹೊರಗೆ ಜಾರುತ್ತೆ, ನೋಡ್ಕೊಂಡು ಹೋಗಿ" ಎಂದಷ್ಟೇ ಹೇಳಿದ.

ಮೀಟಿಂಗಿನಲ್ಲಿ ಮೇಲಿನವನು ಕೇಳಿದ, ಯಂತ್ರ ಬಾಳುತ್ತದೆಯೇ? ಬಾಳುತ್ತದೆ, ಎಂದ ಗೋಪೀನಾಥ. ತಳದ ತುಕ್ಕಿನ ಮಾತು ಬಾಯಿಗೆ ಬಂತು. ರಿಪೇರಿ ಮಾಡಬಹುದಾದ ತುಕ್ಕು ಎಂದ. ಅದೂ ನಿಜವೇ. ಮನೆಗೆ ಬಂದಾಗ ಏನಾಯಿತು ಎಂದು ಯಾರೂ ಕೇಳಲಿಲ್ಲ. ಶಕುಂತಲಾ ಬಿಸಿ ಚಪಾತಿ ಹಾಕಿದಳು, ಎಲ್ಲರೂ ಉಂಡರು.

ವೀಸಾ ಇನ್ನೂ ಇತ್ತು. ಆದರೂ ಹಿಮ ಕರಗುವ ಮುಂಚೆಯೇ ಇಬ್ಬರೂ ಹೊರಟರು. ಹೋಗುವ ಹಿಂದಿನ ದಿನ ಶಕುಂತಲಾ ಮೆಣಸಿನ ಪುಡಿ, ಸಾರಿನ ಪುಡಿ ಡಬ್ಬಿಗೆ ತುಂಬಿ, ಕಿಂಡಿಯಲ್ಲಿ ಉಳಿದಿದ್ದ ಸೀರೆಯ ಎಳೆಗಳನ್ನು ಒಂದೊಂದಾಗಿ ಕಿತ್ತು ತೆಗೆದಳು. ಹೊನ್ನಪ್ಪ ಬಾಲ್ಕನಿಯ ಕಲ್ಲಿದ್ದಲನ್ನು ಚೀಲಕ್ಕೆ ತುಂಬಿ ಬಂದರಿಗೆ ಹೊತ್ತೊಯ್ದು ಬೇಲಿಯ ಹತ್ತಿರ ಸುರಿದು ಬಂದ. ಮಗುವನ್ನು ಎತ್ತಿಕೊಳ್ಳಲಿಲ್ಲ. ನೀರಜಾಳೇ ತಂದು ತೊಡೆಯ ಮೇಲೆ ಇಟ್ಟಳು. "ಬೇಡಮ್ಮ, ಕೈ ಮಸಿಯಾಗಿದೆ," ಎಂದ. ಕೈ ತೊಳೆದೇ ಬಂದಿದ್ದ.

ಮುಂದಿನ ವರ್ಷ ಮೋಟಾರುಗಳು ಹಡಗು ಹತ್ತಿದವು. ಕೂರಿಸುವುದಕ್ಕೆ ಕಂಪನಿ ಗೋಪೀನಾಥನನ್ನೇ ಕಳಿಸುತ್ತೇನೆಂದಿತು. ಮಗುವಿನ ಕಾರಣ ಹೇಳಿ ಅವನು ತಪ್ಪಿಸಿಕೊಂಡ, ಬೇರೆ ಇಬ್ಬರು ಹೋದರು. ಮಗು ಜೀವನ್ ನಡೆಯುವುದು ತಡವಾಯಿತು. ಕಣ್ಣು ಕಿವಿ ಸರಿಯಿದ್ದವು. ಬಲಗಾಲು ಮಾತ್ರ ಸ್ವಲ್ಪ ಎಳೆಯುತ್ತಿತ್ತು. ಅದು ಆವತ್ತಿನದೋ ಹುಟ್ಟಿನದೋ ಡಾಕ್ಟರು ಹೇಳಲಿಲ್ಲ, ನೀರಜಾ ಕೇಳಲೂ ಇಲ್ಲ. ವಾರಕ್ಕೊಮ್ಮೆ ಅಮ್ಮನ ಜೊತೆ ಫೋನಿನಲ್ಲಿ ಅಡುಗೆಯ ಮಾತಾಡುತ್ತಿದ್ದಳು, ಅಷ್ಟೇ.

ಎರಡು ಸಾವಿರದ ಆರರ ಸೆಪ್ಟೆಂಬರಿನ ಒಂದು ಭಾನುವಾರ ಊಟದ ಹೊತ್ತಿಗೆ ಫೋನು ಬಂತು. ಗೋಪೀನಾಥ ಎತ್ತಿದ.

"ಅಳಿಯಂದ್ರೇ, ಊಟ ಆಯ್ತಾ?"

"ಕೂತಿದೀವಿ ಮಾವ. ನೀರಜಾಗೆ ಕೊಡ್ಲಾ?"

"ಬೇಡ, ನಿಮಗೇ ಮಾಡಿದ್ದು. ಜೀವನ್ ನಡೀತಾನಾ?"

"ಸೋಫಾ ಹಿಡ್ಕೊಂಡು ನಡೀತಾನೆ."

"ನಡೀಲಿ, ನಡೀಲಿ. ಇಲ್ಲಿ ದೊಡ್ಡಮ್ಮನೂ ನಡೆದ್ಲು. ನಮ್ಮ ಹಿತ್ತಲ ಬೇವಿನ ಮರದ ಆಚೆಗೇ ನಿಂತಿದಾಳೆ. ದೀಪಾವಳಿ ಒಳಗೆ ಖಾಲಿ ಮಾಡಿ ಅಂದಿದಾರೆ. ಬಂಗಾರಪೇಟೆಲಿ ನಿಮ್ಮ ಅತ್ತೆ ತಮ್ಮ ಒಂದು ರೂಮು ಕೊಡ್ತೀನಿ ಅಂದಿದಾನೆ."

ಗೋಪೀನಾಥ ಫೋನನ್ನು ಇನ್ನೊಂದು ಕಿವಿಗೆ ಹಿಡಿದ.

"ನಿಮ್ಮ ಮೋಟ್ರು ತುಂಬ ಚೆನ್ನಾಗಿದೆ ಅಳಿಯಂದ್ರೇ," ಎಂದ ಹೊನ್ನಪ್ಪ. ದನಿಯಲ್ಲಿ ಕುಹಕವಿರಲಿಲ್ಲ. "ಆ ಹಳೇ ಗುಂಯ್ ಇಲ್ಲವೇ ಇಲ್ಲ. ಮೊದ್ಲಾಗಿದ್ರೆ ಒಂದು ಹರದಾರಿ ದೂರದಲ್ಲಿದ್ದಾಗ್ಲೇ ಕೇಳೋದು. ಈಗ ಬೆಳಿಗ್ಗೆ ಎದ್ದು ಹಿತ್ತಲ ಬಾಗಿಲು ತೆಗೆದ್ರೆ, ಬೆನ್ನು ನಮ್ಮ ಕಡೆ ಮಾಡ್ಕೊಂಡು ನಿಂತಿದಾಳೆ. ಬಂದಿದ್ದೇ ಗೊತ್ತಾಗ್ಲಿಲ್ಲ."

ಫೋನು ಇಟ್ಟಾಯಿತು. ಗೋಪೀನಾಥ ಬಂದು ತಟ್ಟೆಯ ಮುಂದೆ ಕೂತ.

"ಅಪ್ಪ ಏನಂದ್ರು?" ನೀರಜಾ ಕೇಳಿದಳು.

"ಮೋಟ್ರು ಚೆನ್ನಾಗಿದೆಯಂತೆ."

ನೀರಜಾ ಸಾರಿನ ಸೌಟು ಎತ್ತಿದಳು. ಅವನ ತಟ್ಟೆಗೆ ಬಡಿಸಿ, ತನ್ನ ತಟ್ಟೆ ಖಾಲಿ ಬಿಟ್ಟು, ಮಗುವನ್ನೆತ್ತಿಕೊಂಡು ಒಳಗೆ ಹೋದಳು.